ಸಾಲಗಾರರ ಚಿನ್ನ: ಮಿದ್ಯಾನ್ ಮರುಭೂಮಿಯಲ್ಲಿ ರಿಚರ್ಡ್ ಬರ್ಟನ್



1877ರ ಡಿಸೆಂಬರ್ 10ರಂದು ಸೂಯೆಜ್ ಬಂದರಿನಿಂದ ‘ಅಲ್-ಮುಖ್‌ಬಿರ್’ ಎಂಬ ಈಜಿಪ್ಟ್ ಸರ್ಕಾರದ ಉಗಿಹಡಗು ಕೆಂಪು ಸಮುದ್ರಕ್ಕಿಳಿಯಿತು. ಅದರಲ್ಲಿ ಒಬ್ಬ ಫ್ರೆಂಚ್ ಗಣಿ ಎಂಜಿನಿಯರ್, ಒಬ್ಬ ಚಿತ್ರಕಾರ, ಒಬ್ಬ ಕಮ್ಮಾರ, ಈಜಿಪ್ಟ್ ಸೇನೆಯ ಕೆಲವು ಅಧಿಕಾರಿಗಳು, ಸಿಪಾಯಿಗಳು ಮತ್ತು ಕಲ್ಲು ಒಡೆಯುವ ಆಳುಗಳಿದ್ದರು. ಇಷ್ಟು ಮಂದಿಗೂ ಯಜಮಾನ 56 ವರ್ಷದ ರಿಚರ್ಡ್ ಫ್ರಾನ್ಸಿಸ್ ಬರ್ಟನ್. ಕೆಂಪು ಸಮುದ್ರದ ಆಚೆ ದಡದಲ್ಲಿ, ಅಕಾಬಾ ಕೊಲ್ಲಿಯ ಪೂರ್ವಕ್ಕೆ ಮಿದ್ಯಾನ್ ಎಂಬ ಪ್ರಾಂತ್ಯವಿದೆ. ಬೈಬಲ್ಲಿನ ಮೋಶೆ ತಲೆತಪ್ಪಿಸಿಕೊಂಡು ಹೋದದ್ದು ಅಲ್ಲಿಗೆ. ಕುರಾನಿನ ಪ್ರವಾದಿ ಶುಐಬರು ಬೋಧನೆ ಮಾಡಿದ್ದೂ ಅಲ್ಲೇ. ಆ ಪ್ರಾಂತ್ಯದ ಪಾಳು ಊರುಗಳಲ್ಲಿ ಚಿನ್ನ ಹುಡುಕುವುದು ಬರ್ಟನ್ನನ ಕೆಲಸ. ಖರ್ಚು ಈಜಿಪ್ಟಿನ ದೊರೆ ಖೆದಿವ್ ಇಸ್ಮಾಯಿಲನದು.

ಈ ಹುಡುಕಾಟದ ಮೇಲೆ ಬರ್ಟನ್ ಎರಡು ಕೃತಿಗಳನ್ನು ಬರೆದ. 1878ರಲ್ಲಿ ‘ದ ಗೋಲ್ಡ್ ಮೈನ್ಸ್ ಆಫ್ ಮಿಡಿಯನ್’, ಮರುವರ್ಷ ಎರಡು ಸಂಪುಟಗಳ ‘ದ ಲ್ಯಾಂಡ್ ಆಫ್ ಮಿಡಿಯನ್’. ಅವನ ಹೆಸರು ಕೇಳಿದವರಿಗೆ ನೆನಪಾಗುವುದು ಮೆಕ್ಕಾ ಯಾತ್ರೆ, ಟಾಂಗನಿಕಾ ಸರೋವರ, ‘ಅರೇಬಿಯನ್ ನೈಟ್ಸ್’. ಮಿದ್ಯಾನ್‌ನ ಮಾತು ಬಂದರೆ ಅದೊಂದು ಮುದಿವಯಸ್ಸಿನ ಹುಚ್ಚು ಎಂದು ಹೇಳಿ ಮುಂದೆ ಹೋಗುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಬರ್ಟನ್ ದಡ್ಡನಲ್ಲ. ಅರಬ್ಬಿ ಬಲ್ಲವನು, ಗ್ರೀಕ್ ಲ್ಯಾಟಿನ್ ಓದಿಕೊಂಡವನು, ಕಂಡದ್ದನ್ನು ಅಳೆದು ಬರೆದಿಟ್ಟುಕೊಳ್ಳುವ ಅಭ್ಯಾಸದವನು. ಇಂಥವನು ಕಣ್ಣೆದುರಿನ ಗೋಡೆ, ಕಾಲುವೆ, ಕಿಟ್ಟದ ರಾಶಿಗಳನ್ನು ನೋಡಿ, ಅಲ್ಲಿಲ್ಲದ ಚಿನ್ನವನ್ನು ಅವುಗಳ ಬಾಯಿಂದ ಹೇಳಿಸಿದ್ದು ಹೇಗೆ ಎಂಬುದೇ ಇವತ್ತಿನ ಉಪನ್ಯಾಸದ ವಿಷಯ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಹಡಗನ್ನು ಕಳಿಸಿದವನೂ ಸಾಲಗಾರ, ಅದರಲ್ಲಿ ಹೋದವನೂ ಕೈ ಖಾಲಿಯಾದವನು. ಅವಶೇಷಗಳು ಏನು ಹೇಳಬೇಕು ಎಂಬುದು ಹಡಗು ಹತ್ತುವ ಮೊದಲೇ ತೀರ್ಮಾನವಾಗಿತ್ತು.

ಬರ್ಟನ್ನನ ಪೂರ್ವಕಥೆ ನಿಮಗೆ ಗೊತ್ತಿರುವುದೇ. 1821ರಲ್ಲಿ ಹುಟ್ಟಿದ, 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೇರಿ ಬೊಂಬಾಯಿಗೆ ಬಂದ, ಬರೋಡ, ಸಿಂಧ್‌ಗಳಲ್ಲಿ ಇದ್ದ. 1853ರಲ್ಲಿ ಮುಸ್ಲಿಂ ಯಾತ್ರಿಕನ ವೇಷ ಹಾಕಿ ಮೆಕ್ಕಾ ಮದೀನಾ ನೋಡಿಬಂದ. ಆಮೇಲೆ ಆಫ್ರಿಕಾ, ಬ್ರೆಜಿಲ್, ಡಮಾಸ್ಕಸ್. ಡಮಾಸ್ಕಸ್‌ನ ಕಾನ್ಸಲ್ ಹುದ್ದೆ ಅವನಿಗೆ ಪ್ರಾಣವಾಗಿತ್ತು. 1871ರಲ್ಲಿ ಅಲ್ಲಿಂದ ಎಬ್ಬಿಸಿದರು. ಮರುವರ್ಷ ಆಸ್ಟ್ರಿಯಾದ ಟ್ರಿಯೆಸ್ಟ್ ಬಂದರಿಗೆ ಕಾನ್ಸಲ್ ಮಾಡಿ ಹಾಕಿದರು. ಸಂಬಳ ಮೊದಲಿಗಿಂತ ಕಡಿಮೆ, ಕೆಲಸವೂ ಅಷ್ಟಕ್ಕಷ್ಟೆ. ಐವತ್ತು ದಾಟಿದ ಮೇಲೆ ಸರ್ಕಾರ ತನ್ನನ್ನು ಮೂಲೆಗೆ ಕೂರಿಸಿದೆ ಎಂಬ ಕಹಿ ಅವನಲ್ಲಿ ಉಳಿದುಹೋಯಿತು.

ಚಿನ್ನದ ಸುದ್ದಿ ಮಾತ್ರ ಅವನಿಗೆ ಎಷ್ಟೋ ಹಿಂದೆ ಸಿಕ್ಕಿತ್ತು. 1853ರಲ್ಲಿ ಮೆಕ್ಕಾಗೆ ಹೊರಡುವ ಮುಂಚೆ ಕೈರೋದ ಒಂದು ಛತ್ರದಲ್ಲಿ ಇಳಿದಿದ್ದಾಗ ಹಾಜಿ ವಲಿ ಎಂಬ ವ್ಯಾಪಾರಿಯ ಸ್ನೇಹವಾಯಿತು. ಪರ್ಷಿಯನ್ನನ ವೇಷದಲ್ಲಿ ಹೋದರೆ ಹಿಜಾಜಿನಲ್ಲಿ ಏಟು ತಿನ್ನುತ್ತೀಯೆ, ಪಠಾಣನಾಗು ಎಂದು ಬುದ್ಧಿ ಹೇಳಿದವನು ಇವನೇ. ಹಾಜಿ ಕೆಲವು ವರ್ಷ ಹಿಂದೆ ಮೆಕ್ಕಾದಿಂದ ಯಾತ್ರಿಕರ ಸಾರ್ಥದ ಜೊತೆ ಮರಳುತ್ತಿದ್ದಾಗ ಮಿದ್ಯಾನ್‌ನ ಒಂದು ಒಣ ಹೊಳೆಯ ಪಾತ್ರದಲ್ಲಿ ತಂಗಿದ್ದ. ಅಲ್ಲಿನ ಮರಳು ಹೊಳೆಯುವುದನ್ನು ಕಂಡು ಸ್ವಲ್ಪ ಕಟ್ಟಿಕೊಂಡು ಬಂದ. ಅಲೆಕ್ಸಾಂಡ್ರಿಯಾದಲ್ಲಿ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಚಿನ್ನ ಸಿಕ್ಕಿತು ಎಂಬುದು ಅವನು ಹೇಳಿದ ಕಥೆ. ಬರ್ಟನ್ ಇದನ್ನು ಕೈರೋದ ಬ್ರಿಟಿಷ್ ಕಾನ್ಸಲ್‌ಗೆ ತಿಳಿಸಿದ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳಿಂದ ಚಿನ್ನ ಹಡಗುಗಟ್ಟಲೆ ಬಂದಿಳಿಯುತ್ತಿದ್ದ ಕಾಲ ಅದು. ಒಂದು ಹಿಡಿ ಅರಬ್ಬಿ ಮರಳಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಆ ಹಿಡಿ ಮರಳಿಗೆ ಬೆಲೆ ಬಂದದ್ದು ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷಗಳ ನಂತರ. 1876ರ ಮೊದಲ ತಿಂಗಳುಗಳಲ್ಲಿ ಬರ್ಟನ್ ಹೆಂಡತಿ ಇಸಬೆಲ್ ಜೊತೆ ಭಾರತಕ್ಕೆ ಬಂದು ಬೊಂಬಾಯಿ, ಹೈದರಾಬಾದ್, ಗೋವಾ ನೋಡಿದ. ಹೈದರಾಬಾದಿನಲ್ಲಿ ಗೋಲ್ಕೊಂಡದ ವಜ್ರಗಳ ಮಾತು ಅವನ ತಲೆ ಹೊಕ್ಕಿತು. ನೆಲದೊಳಗಿನ ಐಶ್ವರ್ಯ ಅವನನ್ನು ಕಾಡತೊಡಗಿದ್ದು ಆ ಸುಮಾರಿಗೆ. ವಾಪಸು ಹೋಗುವಾಗ ಈಜಿಪ್ಟಿನಲ್ಲಿ ಇಳಿದ. ಅಲ್ಲಿನ ಪರಿಸ್ಥಿತಿ ಚಿನ್ನದ ಕಥೆ ಕೇಳಲು ಹೇಳಿ ಮಾಡಿಸಿದಂತಿತ್ತು.

ಖೆದಿವ್ ಇಸ್ಮಾಯಿಲ್ ತನ್ನ ದೇಶವನ್ನು ಯೂರೋಪಿನ ಸಾಲಿಗೆ ಸೇರಿಸಬೇಕೆಂದು ರೈಲು, ಕಾಲುವೆ, ಅರಮನೆ, ಒಪೆರಾ ಮಂದಿರ ಎಲ್ಲವನ್ನೂ ಕಟ್ಟಿಸಿದ. ಅಮೆರಿಕದ ಅಂತರ್ಯುದ್ಧದ ವೇಳೆ ಹತ್ತಿಯ ಬೆಲೆ ಏರಿದಾಗ ಹಣ ಓಡಾಡಿತು. ಬೆಲೆ ಬಿದ್ದ ಮೇಲೆ ಸಾಲ. ಸಾಲದ ಬಡ್ಡಿ ಕಟ್ಟಲು ಮತ್ತೆ ಸಾಲ. 1875ರಲ್ಲಿ ಸೂಯೆಜ್ ಕಾಲುವೆಯಲ್ಲಿದ್ದ ತನ್ನ ಷೇರುಗಳನ್ನೆಲ್ಲ ಸುಮಾರು 40 ಲಕ್ಷ ಪೌಂಡಿಗೆ ಬ್ರಿಟಿಷ್ ಸರ್ಕಾರಕ್ಕೆ ಮಾರಿದ. ಅದೂ ಸಾಲಲಿಲ್ಲ. 1876ರಲ್ಲಿ ಖಜಾನೆ ದಿವಾಳಿಯಾಯಿತು, ಸಾಲ ವಸೂಲಿಗೆಂದೇ ಯೂರೋಪಿಯನ್ನರ ಆಯೋಗವೊಂದು ಕೈರೋದಲ್ಲಿ ಬಂದು ಕೂತಿತು. ಮಿದ್ಯಾನ್ ಕರಾವಳಿ ಆಗ ಈಜಿಪ್ಟಿನ ಆಡಳಿತಕ್ಕೆ ಸೇರಿತ್ತು. ಹಜ್ ದಾರಿಯ ಕೋಟೆಗಳಲ್ಲಿ ಈಜಿಪ್ಟಿನ ಸಿಪಾಯಿಗಳಿದ್ದರು. ಸ್ವಂತ ನೆಲದಲ್ಲೇ ಮೋಶೆಯ ಕಾಲದ ಚಿನ್ನದ ಗಣಿ ಇದೆ ಎಂದರೆ, ಮುಳುಗುತ್ತಿದ್ದವನಿಗೆ ಸಿಕ್ಕ ಹುಲ್ಲುಕಡ್ಡಿ ಅದು. ಬರ್ಟನ್ ಝಗಝೀಗ್ ಪಟ್ಟಣದಲ್ಲಿದ್ದ ಹಾಜಿ ವಲಿಯನ್ನು ಪತ್ತೆ ಮಾಡಿದ. ಹಾಜಿಗೆ ಆಗ ವಯಸ್ಸು ಎಂಬತ್ತರ ಆಸುಪಾಸು.

ಮೊದಲ ಪ್ರಯಾಣ 1877ರ ವಸಂತದಲ್ಲಿ, ಕೆಲವೇ ವಾರಗಳದು. ಹಾಜಿಯೂ ಜೊತೆಗಿದ್ದ. ಅಲ್-ಮುವೈಲಿಹ್ ಕೋಟೆ, ಐನೂನಾ ಕಣಿವೆ, ಇಷ್ಟನ್ನು ನೋಡಿ, ಕಲ್ಲು ಮರಳುಗಳ ಮಾದರಿ ತುಂಬಿಕೊಂಡು ಬಂದರು. ಬಂದದ್ದೇ ತಡ, ಬರ್ಟನ್ ಮಿದ್ಯಾನನ್ನು ಇನ್ನೊಂದು ಕ್ಯಾಲಿಫೋರ್ನಿಯಾ ಎಂಬ ಧಾಟಿಯಲ್ಲಿ ಬರೆಯತೊಡಗಿದ. ಕಣ್ಣಿಗೆ ಬಿದ್ದ ಚಿನ್ನ ಎಷ್ಟೆಂದು ಕೇಳಬೇಡಿ.

ಅವನ ವಾದದ ಬುಡ ಪುಸ್ತಕಗಳಲ್ಲಿತ್ತು. ಕನ್ನಡ ಬೈಬಲ್ಲಿನಲ್ಲಿ ‘ಅರಣ್ಯಕಾಂಡ’ ಎಂಬ ಭಾಗವಿದೆಯಲ್ಲ, ಅದರ 31ನೇ ಅಧ್ಯಾಯ ಇಸ್ರಾಯೇಲರು ಮಿದ್ಯಾನ್ಯರ ಮೇಲೆ ಮಾಡಿದ ಯುದ್ಧದ ಕಥೆ. ಕೊಳ್ಳೆಯ ವಿವರದಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ತವರ, ಸೀಸ ಎಂದು ಆರು ಲೋಹಗಳ ಹೆಸರು ಬರುತ್ತವೆ. ಕಾಣಿಕೆ ಕೊಟ್ಟ ಚಿನ್ನದ ತೂಕವೂ ಇದೆ, 16,750 ಶೆಕೆಲ್. ‘ನ್ಯಾಯಸ್ಥಾಪಕರು’ ಭಾಗದಲ್ಲಿ ಗಿದ್ಯೋನನು ಸೋತ ಮಿದ್ಯಾನ್ಯರಿಂದ ಬಂದ ಚಿನ್ನದ ಓಲೆಗಳನ್ನೇ ತೂಗಿದಾಗ 1,700 ಶೆಕೆಲ್ ಬಂತು. ಇಷ್ಟು ಒಡವೆ ಹಾಕಿಕೊಂಡವರ ನೆಲದಲ್ಲಿ ಗಣಿ ಇರಲೇಬೇಕು ಎಂದು ಬರ್ಟನ್ ಹಿಡಿದ. ಒಂಟೆ ಓಡಿಸುವ ವ್ಯಾಪಾರಿ ಜನ ಚಿನ್ನವನ್ನು ಅಗೆದೇ ಸಂಪಾದಿಸಬೇಕೆಂದೇನಿಲ್ಲ. ಬೇರೆಯವರಿಂದ ಪಡೆದು, ಕೊಟ್ಟು, ಕಿತ್ತುಕೊಂಡು ಸಂಪಾದಿಸಬಹುದು. ಸುಗಂಧ ದ್ರವ್ಯಗಳ ದಾರಿಯ ಮೇಲೆ ಕೂತವರ ವಿಷಯದಲ್ಲಂತೂ ಈ ಎರಡನೆಯ ಸಾಧ್ಯತೆಯನ್ನೇ ಮೊದಲು ನೋಡಬೇಕು. ಬರ್ಟನ್ನನಿಗೆ ಇದು ಹೊಳೆಯದೆ ಇರಲಾರದು. ಆದರೆ ಆ ಸಾಧ್ಯತೆಯಿಂದ ಖೆದಿವನ ಸಾಲ ತೀರುತ್ತಿರಲಿಲ್ಲ.

ಈಗ ಎರಡನೆಯ ಪ್ರಯಾಣಕ್ಕೆ ಬರೋಣ. ನಾಲ್ಕು ತಿಂಗಳ ಕೆಲಸ. ‘ಅಲ್-ಮುಖ್‌ಬಿರ್’ನ ಬಾಯ್ಲರ್ ಕೆಟ್ಟು ಕುಳಿತು, ಅಕಾಬಾ ಕೊಲ್ಲಿಯ ಗಾಳಿಗೆ ಸಿಕ್ಕಿ ಹಡಗು ಬಂಡೆಗೆ ಬಡಿಯುವ ಸ್ಥಿತಿಗೂ ಬಂತು. ದಡದ ಮೇಲೆ ಹುವೈತಾತ್ ಬುಡಕಟ್ಟಿನ ಶೇಖ್‌ಗಳ ಜೊತೆ ಒಂಟೆ ಬಾಡಿಗೆಯ ಚೌಕಾಸಿ ಮುಗಿಯುತ್ತಲೇ ಇರಲಿಲ್ಲ. ಬರ್ಟನ್ ಇವರನ್ನು ಪುಟಗಟ್ಟಲೆ ಬೈದಿದ್ದಾನೆ. ಆ ಶೇಖ್‌ಗಳ ಕಡೆಯಿಂದ ಯೋಚಿಸಿದರೆ ಅವರ ಲೆಕ್ಕ ತಪ್ಪಲ್ಲ. ಬೇರೆಯವರ ಚಿನ್ನ ಸಿಗುತ್ತದೋ ಇಲ್ಲವೋ, ಒಂಟೆಯ ಬಾಡಿಗೆ ಕೈಗೆ ಬರುವುದು ಖಚಿತ. ಇಡೀ ಸಾಹಸದಲ್ಲಿ ದುಡ್ಡು ಕಂಡವರು ಅವರೇ ಇರಬೇಕು.

ದಂಡು ಮೊದಲು ಉತ್ತರಕ್ಕೆ, ಅನಂತರ ಒಳನಾಡಿಗೆ, ಕಡೆಗೆ ದಕ್ಷಿಣಕ್ಕೆ ಹೋಯಿತು. ಒಳನಾಡಿನಲ್ಲಿ ಕೆಂಪು ಮರಳುಗಲ್ಲಿನ ಹಿಸ್ಮಾ ಪ್ರಸ್ಥಭೂಮಿಯ ಅಂಚಿನವರೆಗೆ ಹತ್ತಿದಾಗ ಅಲ್ಲಿನ ಮಆಝಾ ಬುಡಕಟ್ಟಿನವರು ದಾರಿ ಬಿಡಲಿಲ್ಲ. ಬರ್ಟನ್ ಹಿಂದಿರುಗಬೇಕಾಯಿತು. ಈ ಘಟನೆಯನ್ನು ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ. ಹಿಸ್ಮಾ ಇಳಿದು ಬಂದ ಮೇಲೆ ಶುವಾಕ್, ಶಗ್ಬ್ ಎಂಬ ಎರಡು ದೊಡ್ಡ ಪಾಳು ಊರುಗಳು ಸಿಕ್ಕವು. ಶುವಾಕ್ ಅವನನ್ನು ಬೆರಗುಗೊಳಿಸಿತು. ಕಣಿವೆಯುದ್ದಕ್ಕೂ ಮನೆಗಳ ತಳಪಾಯ, ಗಾರೆ ಹಾಕಿದ ನೀರಿನ ತೊಟ್ಟಿಗಳು, ಮೇಲಿನಿಂದ ನೀರು ತರುವ ಕಲ್ಲಿನ ಕಾಲುವೆ, ಕುಲುಮೆಗಳಂತೆ ಕಾಣುವ ಸುಟ್ಟ ಜಾಗಗಳು. ಅವನ ತರ್ಕ ಹೀಗೆ ನಡೆಯಿತು: ಇಂಥ ಬರಡಿನಲ್ಲಿ ಇಷ್ಟು ಖರ್ಚು ಮಾಡಿ ನೀರು ತರಲು ಬಲವಾದ ಕಾರಣ ಬೇಕು, ಇಲ್ಲಿ ಬೇಸಾಯಕ್ಕೆ ನೆಲವಿಲ್ಲ, ಆದ್ದರಿಂದ ಇದು ಗಣಿ ಕಾರ್ಮಿಕರ ಊರು, ಗಣಿಯಿದ್ದ ಮೇಲೆ ಅದಿರು ಇರಬೇಕು.

ಮೊದಲ ಹೆಜ್ಜೆ ಸರಿಯಾಗಿದೆ, ಬಲವಾದ ಕಾರಣ ಬೇಕಿತ್ತು ನಿಜ. ಎರಡನೆಯ ಹೆಜ್ಜೆಯಿಂದ ಆಸೆ ಮಾತನಾಡುತ್ತದೆ. 20ನೇ ಶತಮಾನದ ಉತ್ತರಾರ್ಧದಲ್ಲಿ ಪುರಾತತ್ತ್ವಜ್ಞರು ಈ ಊರುಗಳನ್ನು ಸಮೀಕ್ಷೆ ಮಾಡಿದಾಗ ತಿಳಿದದ್ದು, ಇವು ಇಸ್ಲಾಮಿನ ಆರಂಭದ ಶತಮಾನಗಳವು, ಈಜಿಪ್ಟಿನಿಂದ ಮದೀನಾಕ್ಕೆ ಹೋಗುವ ಒಳನಾಡಿನ ಯಾತ್ರಾದಾರಿಯ ತಂಗುದಾಣಗಳು ಎಂದು. ವರ್ಷಕ್ಕೊಮ್ಮೆ ಸಾವಿರಾರು ಜನ, ಅಷ್ಟೇ ಪ್ರಾಣಿಗಳು ಬಂದಿಳಿಯುವ ಜಾಗಕ್ಕೆ ತೊಟ್ಟಿ ಬೇಕು, ಕಾಲುವೆ ಬೇಕು, ಕಮ್ಮಾರನ ಕುಲುಮೆಯೂ ಬೇಕು. ಬೇಸಾಯವೇ ಇರಲಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಹದೀಸ್ ಸಂಗ್ರಹಕಾರರಲ್ಲಿ ಬಹು ದೊಡ್ಡ ಹೆಸರಾದ ಇಬ್ನ್ ಶಿಹಾಬ್ ಅಲ್-ಝುಹ್ರಿ ಕಡೆಗಾಲದಲ್ಲಿ ನೆಲೆಸಿದ್ದು ಇದೇ ಶಗ್ಬ್ ಸೀಮೆಯ ತಮ್ಮ ಜಮೀನಿನಲ್ಲಿ, 742ರಲ್ಲಿ ತೀರಿಕೊಂಡದ್ದೂ ಅಲ್ಲೇ. ಹಾಜಿ ವಲಿ ಹಿಡಿ ಮರಳು ತಂದದ್ದು ಎಲ್ಲಿಂದ? ಹಜ್ ಮುಗಿಸಿ ಮರಳುವ ದಾರಿಯಿಂದ. ಆ ನಾಡಿನ ಊರುಗಳನ್ನು ಸಾಕಿದ ಸಂಗತಿ ಅವನ ಕಥೆಯ ಮೊದಲ ವಾಕ್ಯದಲ್ಲೇ ಇತ್ತು. ಕೇಳಿಸಿಕೊಂಡವನ ಕಿವಿ ಮಾತ್ರ ಎರಡನೆಯ ವಾಕ್ಯದ ಮೇಲಿತ್ತು.

ಉಳಿದ ಅವಶೇಷಗಳದ್ದೂ ಇದೇ ಪಾಡು. ‘ಶುಐಬರ ಗುಹೆಗಳು’ ಎಂದು ಅರಬ್ಬರು ಕರೆಯುವ ಬಂಡೆಗೋರಿಗಳು ಮಿದ್ಯಾನ್ಯರವಲ್ಲ, ಪೆಟ್ರಾ ಕಟ್ಟಿದ ನಬಾತಿಯನ್ನರವು, ಮೋಶೆಯ ಕಾಲಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನವು. ನಬಾತಿಯನ್ನರು ಶ್ರೀಮಂತರಾದದ್ದು ಧೂಪ ಮತ್ತು ಮಸಾಲೆಗಳ ಸಾಗಣೆಯಿಂದ. ಅವರ ಕೆಂಪು ಸಮುದ್ರದ ಬಂದರಿನ ಹೆಸರು ಲ್ಯೂಕೆ ಕೋಮೆ. ಅಲ್ಲಿಗೆ ಬಂದ ಸರಕಿನ ಮೇಲೆ ನಾಲ್ಕನೆಯ ಒಂದು ಭಾಗ ಸುಂಕ ವಸೂಲಿ ಮಾಡುವ ಅಧಿಕಾರಿ ಇದ್ದ ಎಂದು ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾಕೈಪಿಡಿ ಹೇಳುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಬಂದರುಗಳ ವಿವರ ಇರುವುದೂ ಅದೇ ಕೈಪಿಡಿಯಲ್ಲಿ. ಲ್ಯೂಕೆ ಕೋಮೆ ಇದ್ದದ್ದು ಐನೂನಾದಲ್ಲಿ ಎಂಬುದು ಇಂದಿನ ಒಂದು ಪ್ರಬಲ ಅಭಿಪ್ರಾಯ. ಹಾಗಿದ್ದರೆ ಬರ್ಟನ್ ಚಿನ್ನದ ಕಿಟ್ಟ ಹುಡುಕುತ್ತ ಅಡ್ಡಾಡಿದ್ದು ಹಳೆಯ ಸುಂಕದ ಕಟ್ಟೆಯ ಮೇಲೆ. ಮಿದ್ಯಾನ್‌ನ ಹಣ ನೆಲದಿಂದ ಬಂದದ್ದಲ್ಲ, ದಾರಿಯಲ್ಲಿ ಹೋಗುವವರ ಚೀಲದಿಂದ ಬಂದದ್ದು.

ದಕ್ಷಿಣದ ಪಯಣದಲ್ಲಿ ಅವನಿಗೆ ನಿಜವಾದ ಗಣಿಗಳೂ ಸಿಕ್ಕವು, ಅದನ್ನು ಮುಚ್ಚಿಡಬಾರದು. ಅಲ್-ವಜ್ಹ್ ಬಂದರಿನ ಹಿಂದಿನ ಬೆಟ್ಟಗಳಲ್ಲಿ ಉಮ್ ಅಲ್-ಕರಾಯಾತ್, ಅಂದರೆ ‘ಹಳ್ಳಿಗಳ ತಾಯಿ’ ಎಂಬ ಜಾಗವಿದೆ. ಬಿಳಿ ಬೆಣಚುಕಲ್ಲಿನ ದಿಬ್ಬವನ್ನು ಹಿಂದಿನವರು ಕೊರೆದು, ಬಾವಿ ಸುರಂಗ ತೋಡಿ, ಪಟ್ಟೆಪಟ್ಟೆಯಾಗಿ ಕಲ್ಲು ತೆಗೆದಿದ್ದರು. ಅಲ್ಲಿ ಅಗೆದದ್ದು ಚಿನ್ನಕ್ಕೇ ಎಂಬುದರಲ್ಲಿ ಅನುಮಾನವಿಲ್ಲ. ಇಂಥ ಜಾಗದಲ್ಲಿ ಗಣಿಗಾರ ಕೇಳಬೇಕಾದ ಪ್ರಶ್ನೆ ಒಂದೇ: ಹಿಂದಿನವರು ಯಾಕೆ ಬಿಟ್ಟು ಹೋದರು? ನೀರು ಬಂದು ಬಿಟ್ಟರೋ, ಗಾಳಿಯಾಡದೆ ಬಿಟ್ಟರೋ, ಯುದ್ಧ ಬಂದು ಬಿಟ್ಟರೋ, ಅಥವಾ ತೆಗೆಯುವಷ್ಟನ್ನು ತೆಗೆದು ಮುಗಿಸಿ ಬಿಟ್ಟರೋ? ಮೊದಲ ಮೂರು ಆದರೆ ಕೆಳಗೆ ಇನ್ನೂ ಇರಬಹುದು, ನಾಲ್ಕನೆಯದಾದರೆ ಡೇರೆ ಕಿತ್ತುಕೊಂಡು ಹೊರಡಬೇಕು. ಬರ್ಟನ್ ಈ ಪ್ರಶ್ನೆಯ ಎದುರು ನಿಲ್ಲಲಿಲ್ಲ. ಹಿಂದಿನವರಿಗೆ ವಿಜ್ಞಾನ ಗೊತ್ತಿರಲಿಲ್ಲ, ಮೇಲುಮೇಲೆ ಕೆರೆದು ಹೋಗಿದ್ದಾರೆ ಎಂಬುದು ಅವನ ಸಿದ್ಧ ಉತ್ತರ. ಆ ಕಾಲದ ಯೂರೋಪಿಯನ್ನರಿಗೆ ಈ ಉತ್ತರ ತುಂಬ ಸುಲಭವಾಗಿ ಬರುತ್ತಿತ್ತು. ಅಗ್ಗದ ಆಳು, ಬೇಕಾದಷ್ಟು ಸಮಯ ಮತ್ತು ತಲೆಮಾರುಗಳ ಅನುಭವ ಇದ್ದ ಗಣಿಗಾರ ಬೆಣಚುಕಲ್ಲಿನಲ್ಲಿ ಬಿಡುವುದು ಬಹಳ ಕಡಿಮೆ.

1878ರ ಏಪ್ರಿಲ್ 20ರಂದು ಸೂಯೆಜ್‌ಗೆ ಮರಳಿದಾಗ ಹಡಗಿನಲ್ಲಿ ಇಪ್ಪತ್ತೈದು ಟನ್ ಕಲ್ಲು ಮಣ್ಣಿನ ಮಾದರಿ ಇತ್ತು. ಕೈರೋದಲ್ಲಿ ಅದನ್ನೆಲ್ಲ ಪ್ರದರ್ಶನಕ್ಕೆ ಜೋಡಿಸಿದರು. ಖೆದಿವ್ ಬಂದು ನೋಡಿದ. ಪೆಟ್ಟಿಗೆಗಳ ತುಂಬ ಬೆಣಚುಕಲ್ಲು, ಕಬ್ಬಿಣದ ಅದಿರು, ತಾಮ್ರದ ಹಸಿರು ಹಿಡಿದ ತುಂಡುಗಳು, ಗಂಧಕ, ಉಪ್ಪು, ಒಂದಷ್ಟು ಪಿರೋಜ ಕಲ್ಲು, ಜೊತೆಗೆ ಪಾಳು ಊರುಗಳ ಚಿತ್ರಗಳು, ಹಳೆಯ ನಾಣ್ಯಗಳು. ಪರೀಕ್ಷೆಗೆ ಲಂಡನ್ನಿಗೂ ಮಾದರಿ ಹೋಯಿತು. ಬಂದ ಫಲಿತಾಂಶದಲ್ಲಿ ಗಣಿ ತೆರೆಯುವಷ್ಟು ಚಿನ್ನ ಇರಲಿಲ್ಲ. ಮಾದರಿ ಆರಿಸಿದ್ದು ಸರಿಯಿಲ್ಲ ಎಂದು ಬರ್ಟನ್ ಎಂಜಿನಿಯರನನ್ನು ದೂರಿದ. ಅದರಲ್ಲಿ ಸ್ವಲ್ಪ ಸತ್ಯವೂ ಇದ್ದೀತು. ಮರಳು ಜಾಲಿಸಿ, ಹಳ್ಳದ ಮೇಲೆ ಮೇಲಕ್ಕೆ ಹೋಗುತ್ತ ಕಣಗಳ ಮೂಲ ಹಿಡಿಯುವ ಕೈಪಳಗಿದ ಮನುಷ್ಯ ಆ ದಂಡಿನಲ್ಲಿ ಒಬ್ಬನೂ ಇರಲಿಲ್ಲ. ಚಿತ್ರಕಾರನಿದ್ದ.

ಮುಂದಿನದು ಬೇಗ ಮುಗಿಯಿತು. 1879ರ ಜೂನ್ 26ರಂದು ಆಟೊಮನ್ ಸುಲ್ತಾನನು ಬ್ರಿಟನ್ ಮತ್ತು ಫ್ರಾನ್ಸ್‌ಗಳ ಒತ್ತಡಕ್ಕೆ ಮಣಿದು ಇಸ್ಮಾಯಿಲನನ್ನು ಪಟ್ಟದಿಂದ ಇಳಿಸಿದ. ಪಟ್ಟಕ್ಕೆ ಬಂದ ಮಗ ತೌಫೀಕನಿಗೆ ಮಿದ್ಯಾನ್ ಬೇಕಿರಲಿಲ್ಲ. ಬರ್ಟನ್ ಅದೇ ವರ್ಷದ ಕೊನೆಗೆ ಮತ್ತೆ ಈಜಿಪ್ಟಿಗೆ ಹೋಗಿ ತಿಂಗಳುಗಟ್ಟಲೆ ಕಾದ. ಕೈಯಿಂದ ಹಾಕಿದ ಹಣವೂ ಬರಲಿಲ್ಲ. ಅಲೆಕ್ಸಾಂಡ್ರಿಯಾದಲ್ಲಿ ಒಂದು ರಾತ್ರಿ ಯಾರೋ ಅವನ ತಲೆಗೆ ಹೊಡೆದು ಓಡಿಹೋದರು. ಚಿನ್ನದ ಗೀಳು ಅಷ್ಟಕ್ಕೂ ಬಿಡಲಿಲ್ಲ. 1881–82ರಲ್ಲಿ ವರ್ನಿ ಕ್ಯಾಮರೂನ್ ಜೊತೆ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿಗೆ ಹೋದ. ಅಲ್ಲಿ ಚಿನ್ನ ನಿಜವಾಗಿಯೂ ಇತ್ತು, ಇವನ ಜೇಬಿಗೆ ಬರಲಿಲ್ಲ ಅಷ್ಟೆ. ಕಡೆಗೆ ಹಣ ಬಂದದ್ದು 1885ರಲ್ಲಿ, ‘ಅರೇಬಿಯನ್ ನೈಟ್ಸ್’ ಅನುವಾದದಿಂದ. ಚಂದಾದಾರರಿಗೆ ಮಾತ್ರ ಎಂದು ಹೇಳಿ ಸಾವಿರ ಪ್ರತಿ ಅಚ್ಚು ಹಾಕಿಸಿದ. ಅಶ್ಲೀಲತೆಯ ಮೊಕದ್ದಮೆಯ ಭಯಕ್ಕೆ ಪ್ರಕಟಣೆಯ ಸ್ಥಳ ‘ಬನಾರಸ್’ ಎಂದು ಹಾಕಿದ್ದ. ಕಾಶಿಯ ವಿದ್ವಾಂಸರಿಗೆ ಈ ಗೌರವ ಸಂದದ್ದು ಗೊತ್ತೇ ಇರಲಿಲ್ಲ. ಖರ್ಚು ಕಳೆದು ಸುಮಾರು ಹತ್ತು ಸಾವಿರ ಗಿನಿ ಉಳಿಯಿತು.

ಹಾಗಾದರೆ ಅರೇಬಿಯಾದಲ್ಲಿ ಹಳೆಯ ಚಿನ್ನದ ಗಣಿಯೇ ಇರಲಿಲ್ಲವೇ? ಇತ್ತು. ಮಿದ್ಯಾನ್‌ಗೆ ಬಹಳ ದಕ್ಷಿಣಕ್ಕೆ, ಮದೀನಾದ ಆಗ್ನೇಯದಲ್ಲಿ ಮಹ್ದ್ ಅಝ್-ಝಹಬ್, ‘ಚಿನ್ನದ ತೊಟ್ಟಿಲು’ ಎಂಬ ಸ್ಥಳ. ಪುರಾತನರು ಅಗೆದ ಹೊಂಡಗಳು, ಅರೆಯುವ ಕಲ್ಲುಗಳು, ಬಿಸಾಡಿದ ಪುಡಿಯ ರಾಶಿಗಳು ಅಲ್ಲಿ ಬಿದ್ದಿದ್ದವು. 1930ರ ದಶಕದಲ್ಲಿ ಸೌದಿ ದೊರೆಗಾಗಿ ನೀರು ಖನಿಜ ಹುಡುಕುತ್ತಿದ್ದ ಅಮೆರಿಕನ್ ಎಂಜಿನಿಯರ್ ಕಾರ್ಲ್ ಟ್ವಿಚೆಲ್ ಅದನ್ನು ಗುರುತಿಸಿದ. 1939ರಿಂದ 1954ರವರೆಗೆ ಅಲ್ಲಿ ಏಳು ಲಕ್ಷ ಔನ್ಸಿಗೂ ಹೆಚ್ಚು ಚಿನ್ನ ತೆಗೆದರು, 1988ರಲ್ಲಿ ಗಣಿಯನ್ನು ಮತ್ತೆ ತೆರೆದರು. ಟ್ವಿಚೆಲ್ ಬೈಬಲ್ಲಿನ ಶೆಕೆಲ್ ಲೆಕ್ಕ ಹಾಕಲಿಲ್ಲ, ಹಿಂದಿನವರು ಬಿಸಾಡಿದ ಪುಡಿಯ ಮಾದರಿ ತೆಗೆದು ತೂಗಿದ.

ಬೈಬಲ್ಲಿನ ಮಿದ್ಯಾನ್ಯರ ಪತ್ತೆಯೂ ಆಯಿತು. ತಬೂಕ್‌ನ ವಾಯವ್ಯಕ್ಕೆ ಕುರಯ್ಯಾ ಎಂಬಲ್ಲಿ ಕೋಟೆ, ಕುಂಬಾರಿಕೆಯ ಒಲೆಗಳು, ಬಣ್ಣದ ಚಿತ್ತಾರದ ಮಡಕೆ ಚೂರುಗಳು ಇವೆ. 1968ರ ಸಮೀಕ್ಷೆಯ ನಂತರ ಈ ಮಡಕೆಗಳನ್ನು ಕ್ರಿ.ಪೂ. 13–12ನೇ ಶತಮಾನದ ಸುಮಾರಿನ ಮಿದ್ಯಾನ್ ಮಡಕೆ ಎಂದೇ ಕರೆಯುವುದು ರೂಢಿಯಾಯಿತು. ಕುರಯ್ಯಾ ಇರುವುದು ಹಿಸ್ಮಾದಲ್ಲಿ, ಅಂದರೆ ಮಆಝಾದವರು ಬರ್ಟನ್ನನನ್ನು ಹಿಂದಕ್ಕೆ ಕಳಿಸಿದ ಸೀಮೆಯಲ್ಲಿ. ಇದೇ ಮಡಕೆ ಅಕಾಬಾ ಕೊಲ್ಲಿಯ ಉತ್ತರಕ್ಕೆ ತಿಮ್ನಾ ಕಣಿವೆಯ ತಾಮ್ರದ ಗಣಿಗಳಲ್ಲೂ ಸಿಕ್ಕಿತು. 1969ರಲ್ಲಿ ಬೆನೊ ರೋಥೆನ್‌ಬರ್ಗ್ ಅಲ್ಲಿ ಈಜಿಪ್ಟಿನ ಹಾಥೋರ್ ದೇವತೆಯ ಪುಟ್ಟ ಗುಡಿಯನ್ನು ಅಗೆದಾಗ, ಈಜಿಪ್ಟಿನವರು ಹೋದ ಮೇಲೆ ಮಿದ್ಯಾನ್ಯರು ಅದನ್ನು ತಮ್ಮ ಪೂಜೆಗೆ ಬಳಸಿದ ಗುರುತುಗಳು ಸಿಕ್ಕವು. ಅದರಲ್ಲೊಂದು ಗೇಣಿಗಿಂತ ಚಿಕ್ಕದಾದ ತಾಮ್ರದ ಹಾವು, ತಲೆಗೆ ಮಾತ್ರ ಚಿನ್ನದ ಲೇಪ. ಮಿದ್ಯಾನ್ಯರು ಪಳಗಿದ್ದದ್ದು ತಾಮ್ರದಲ್ಲಿ.

ಈಗ ನಮ್ಮ ಕಡೆಗೆ ತಿರುಗೋಣ. ಬರ್ಟನ್ ಮಿದ್ಯಾನ್‌ನಲ್ಲಿದ್ದ ದಶಕದಲ್ಲೇ ಮೈಸೂರು, ಧಾರವಾಡ, ವಯನಾಡುಗಳಲ್ಲೂ ಹಳೆಯ ಗುಂಡಿಗಳ ಸುತ್ತ ಇದೇ ಆಟ ನಡೆದಿತ್ತು. 1874ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳದ ಬೆಟ್ಟಗಳ, ಅಂದರೆ ಕಪ್ಪತಗುಡ್ಡದ ಚಿನ್ನದ ಮೇಲೆ ವರದಿ ಬರೆದ. ಅಲ್ಲಿನ ಹಳ್ಳಗಳಲ್ಲಿ ಮರಿಗೆ ಹಿಡಿದು ಮರಳು ಜಾಲಿಸಿ ಹೊಟ್ಟೆ ಹೊರೆಯುತ್ತಿದ್ದ ಜಾಲಗಾರರ ಕೆಲಸವನ್ನೂ ಅವರಿಗೆ ಗಿಟ್ಟುವುದೆಷ್ಟು ಎಂಬುದನ್ನೂ ನೋಡಿ, ಆಸೆ ಹುಟ್ಟಿಸದ ತಣ್ಣನೆಯ ಮಾತುಗಳಲ್ಲಿ ಬರೆದ. ಫೂಟ್‌ನ ತಲೆಯ ಮೇಲೆ ಸಾಲದ ಖೆದಿವ್ ಇರಲಿಲ್ಲ. ವಯನಾಡಿನಲ್ಲಿ ಅದೇ ವಿವೇಕ ಇರಲಿಲ್ಲ. 1880ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಎದ್ದು, ಲಕ್ಷಗಟ್ಟಲೆ ಪೌಂಡು ಎತ್ತಿ, ಕೆಲವೇ ವರ್ಷಗಳಲ್ಲಿ ಮುಳುಗಿದವು. ಕೋಲಾರದಲ್ಲಿ ಮೈಕೆಲ್ ಲವೆಲ್ ಎಂಬ ನಿವೃತ್ತ ಸಿಪಾಯಿ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದಾಗ ಅವನೂ ನಂಬಿದ್ದು ಹಳೆಯ ಗುಂಡಿಗಳನ್ನೇ. ಆಮೇಲೆ ಬಂದ ಜಾನ್ ಟೇಲರ್ ಕಂಪನಿಯವರ ಕೈಯಲ್ಲೂ ಹಣ ಖಾಲಿಯಾಗುತ್ತ ಬಂದಿತ್ತು. 1880ರ ದಶಕದ ನಡುವೆ ಹಳೆಯ ಗುಂಡಿಗಳ ತಳದಿಂದಲೇ ಇನ್ನೂ ಕೆಳಕ್ಕೆ ಇಳಿದಾಗ ‘ಚಾಂಪಿಯನ್’ ಎಂಬ ಚಿನ್ನದ ಪದರ ಸಿಕ್ಕಿತು. ಹಿಂದಿನವರು ನೀರಿಗೆ ಸೋತು ಬಿಟ್ಟಿದ್ದರು, ಅದಿರು ಮುಗಿದು ಬಿಟ್ಟಿರಲಿಲ್ಲ. ಗಣಿ 2001ರಲ್ಲಿ ಮುಚ್ಚುವವರೆಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ರಾಯಚೂರು ಸೀಮೆಯ ಹಟ್ಟಿಯಲ್ಲಿ ಪುರಾತನರೇ ಬೆಂಕಿ ಹಾಕಿ ಬಂಡೆ ಸಿಡಿಸುತ್ತ 600 ಅಡಿಗೂ ಕೆಳಗೆ ಇಳಿದಿದ್ದರು. ಹಿಂದಿನವರು ಮೇಲುಮೇಲೆ ಕೆರೆದರು ಎನ್ನುವವರು ಆ ಬಾವಿಯ ಬಾಯಲ್ಲಿ ಒಮ್ಮೆ ನಿಂತು ನೋಡಬೇಕು.

ಅದೇ ರಾಯಚೂರು ಸೀಮೆಯ ಇನ್ನೊಂದು ಸಂಗತಿ ಹೇಳದೆ ಮುಗಿಸಲಾರೆ. 1915ರಲ್ಲಿ ನಿಜಾಮರ ಸರ್ಕಾರದ ಪರವಾಗಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಮಸ್ಕಿಯ ಗುಡ್ಡದಲ್ಲಿ ಬರಹವಿದ್ದ ಬಂಡೆಯೊಂದು ಕಾಣಿಸಿತು. ಓದಿದಾಗ ಅದರಲ್ಲಿ ಅಶೋಕನ ಹೆಸರೇ ಇತ್ತು. ಅಲ್ಲಿಯವರೆಗೆ ಸಿಕ್ಕಿದ್ದ ಅವನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದವು. ಬೀಡನ್ ಆ ಬಂಡೆಯನ್ನು ಬೆಣಚುಕಲ್ಲಿನ ಗುರುತೆಂದು ಎಣಿಸದೆ ಸುದ್ದಿ ಮುಟ್ಟಿಸಿದ್ದರಿಂದ ಅದು ಉಳಿಯಿತು. ಬರ್ಟನ್ನನ ವಿಷಯದಲ್ಲೂ ನ್ಯಾಯವಾಗಿ ಹೇಳಬೇಕಾದ ಮಾತಿದೆ. ಅವನ ಊಹೆಗಳನ್ನು ಬದಿಗಿಟ್ಟು ಅಳತೆ, ನಕ್ಷೆ, ಸ್ಥಳನಾಮಗಳನ್ನು ಮಾತ್ರ ಓದಿದರೆ ಅವನ ಮಿದ್ಯಾನ್ ಸಂಪುಟಗಳು ಇವತ್ತಿಗೂ ಬೆಲೆಬಾಳುತ್ತವೆ. ಹಮ್ಝ್ ಕಣಿವೆಯಲ್ಲಿ ಅವನು ಕಂಡು ಬರೆದ ಪುಟ್ಟ ಪಾಳು ಗುಡಿಯಂಥ ಎಷ್ಟೋ ಅವಶೇಷಗಳಿಗೆ ಅವನ ಬರಹವೇ ಮೊದಲ ವಿವರವಾದ ದಾಖಲೆ. ಅವನು ಓಡಾಡಿದ ಕರಾವಳಿಯ ಬಹುಭಾಗ ಈಗ ಸೌದಿ ಸರ್ಕಾರ 2017ರಲ್ಲಿ ಘೋಷಿಸಿದ ‘ನಿಯೋಮ್’ ಮಹಾನಗರ ಯೋಜನೆಯೊಳಗಿದೆ. ಹುವೈತಾತ್ ಜನ ತಮ್ಮ ಊರುಗಳಿಂದ ಎದ್ದು ಹೋಗಬೇಕಾಗಿ ಬಂದದ್ದು ಆ ಕಾರಣಕ್ಕೆ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಲಿಂಗಸುಗೂರು, ಗದಗ, ಕೋಲಾರ ಕಡೆಯವರು ನಿಮ್ಮಲ್ಲಿ ಇದ್ದೀರಿ. ನಿಮ್ಮ ಊರಿನ ಹಳೆಯ ಚಿನ್ನದ ಗುಂಡಿ, ಅರೆಯುವ ಕಲ್ಲು, ಕಿಟ್ಟದ ದಿಬ್ಬಗಳನ್ನು ರಸ್ತೆ, ಕ್ವಾರಿ, ಹೊಸ ಗಣಿಗಳು ದಿನದಿನಕ್ಕೆ ನುಂಗುತ್ತಿವೆ. ರಜೆಗೆ ಹೋದಾಗ ಅಳತೆ ಪಟ್ಟಿ ಹಿಡಿದು ಹೋಗಿ. ಉದ್ದ, ಆಳ, ದಿಕ್ಕು ಬರೆಯಿರಿ, ಫೋಟೋ ತೆಗೆಯಿರಿ, ಊರಿನ ಹಿರಿಯರು ಆ ಜಾಗವನ್ನು ಏನೆಂದು ಕರೆಯುತ್ತಾರೆಂದು ಕೇಳಿ ಬರೆದುಕೊಳ್ಳಿ. ಗುಂಡಿಯೊಳಗೆ ಇಳಿಯಬೇಡಿ. ಬರೆದದ್ದರ ಒಂದು ಪ್ರತಿ ನಿಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ.